ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದಾರಾ? ಹೀಗೆ ನೋಡಿಕೊಳ್ಳಿ

ಪೇಸ್‌ಮೇಕರ್ ಅಂದರೆ ಹೃದಯದ ಬಡಿತ ತೀರಾ ನಿಧಾನವಾಗದಂತೆ ನೋಡಿಕೊಳ್ಳಲು ಎದೆಯ ಚರ್ಮದಡಿ ಇಡುವ ಪುಟ್ಟ ಯಂತ್ರ. ಅದನ್ನು ಹಾಕಿಸಿಕೊಂಡವರಿಗಿಂತ ಮನೆಯವರಿಗೇ ಭಯ ಜಾಸ್ತಿ. ಟಿವಿ ಹತ್ತಿರ ಹೋಗಬೇಡಿ, ಫೋನ್ ಮುಟ್ಟಬೇಡಿ ಅಂತ ಸುಮ್ನೆ ಹೆದರಿಸುತ್ತಾರೆ. ನಿಜವಾಗಿ ಕಲಿಯಬೇಕಾದ್ದು ನಾಡಿ ನೋಡುವುದನ್ನು.

ಐದು ನಿಮಿಷ ಆರಾಮಾಗಿ ಕೂರಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಯಂತ್ರವನ್ನು ಯಾವ ಕನಿಷ್ಠ ಬಡಿತಕ್ಕೆ ಹೊಂದಿಸಿದ್ದಾರೆ ಅಂತ ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ, ಎಷ್ಟೋ ಜನರಿಗೆ ಅದು 60 ಇರುತ್ತದೆ. ಹೃದಯ ತಾನಾಗಿಯೇ ಅದಕ್ಕಿಂತ ವೇಗವಾಗಿ ಬಡಿಯುತ್ತಿದ್ದರೆ ಯಂತ್ರ ಸುಮ್ಮನಿರುತ್ತದೆ, ಹಾಗಾಗಿ ಎಣಿಕೆ ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ. ಮತ್ತೆ ಎಣಿಸಿದರೂ ಕಡಿಮೆಯೇ ಬಂದರೆ, ತಲೆ ಸುತ್ತಿದರೆ, ಎಚ್ಚರ ತಪ್ಪಿದರೆ ತಡಮಾಡಬೇಡಿ, ಆಸ್ಪತ್ರೆಗೆ ಹೊರಡಿ.

ಮೊದಲ ನಾಲ್ಕರಿಂದ ಆರು ವಾರ ಪೇಸ್‌ಮೇಕರ್ ಇಟ್ಟ ಕಡೆಯ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ರಕ್ತನಾಳದೊಳಗಿಂದ ಹೃದಯಕ್ಕೆ ಹೋಗಿರುವ ತಂತಿಯ ತುದಿ ಅಲ್ಲಿ ಗಟ್ಟಿಯಾಗಿ ಕೂರಬೇಕಲ್ವಾ? ಹಾಗಂತ ಕೈಯನ್ನು ಅಲುಗಾಡಿಸದೆ ಇಟ್ಟರೆ ಹೆಗಲು ಹಿಡಿದುಕೊಳ್ಳುತ್ತದೆ. ಊಟ, ಸ್ನಾನ, ಸಣ್ಣಪುಟ್ಟ ಕೆಲಸ ಅವರೇ ಮಾಡಲಿ. ಗಾಯ ಕೆಂಪಾದರೆ, ಕೀವು ಬಂದರೆ ಅರಿಶಿನ ಹಚ್ಚಬೇಡಿ, ವೈದ್ಯರಿಗೆ ತೋರಿಸಿ.

ಫೋನನ್ನು ಅಂಗಿಯ ಜೇಬಿನಲ್ಲಿ ಇಡಬೇಡಿ, ಪೇಸ್‌ಮೇಕರ್ ಇಲ್ಲದ ಕಡೆಯ ಕಿವಿಗೆ ಹಿಡಿಯಿರಿ, 15 ಸೆಂ.ಮೀ. ದೂರ ಸಾಕು. ಇಂಡಕ್ಷನ್ ಒಲೆಗೆ 60 ಸೆಂ.ಮೀ. ಅಂತರವಿರಲಿ. ವಿಮಾನ ನಿಲ್ದಾಣದಲ್ಲಿ ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಕಾರ್ಡ್ ತೋರಿಸಿ. ಎಂಆರ್‌ಐ ಸ್ಕ್ಯಾನ್ ಬರೆದುಕೊಟ್ಟರೆ ಈ ಯಂತ್ರಕ್ಕೆ ಅದು ಸರಿಹೋಗುತ್ತದಾ ಅಂತ ಮೊದಲು ಕೇಳಿ.

ಇಷ್ಟು ಸಲೀಸಾಗಿ ಓಡಾಡುವ ಭಾಗ್ಯ ಮೊದಲಿನವರಿಗೆ ಇರಲಿಲ್ಲ. ಹಿಂದೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹೃದಯದ ಆಪರೇಷನ್ ಆದ ಮಕ್ಕಳ ಪೇಸ್‌ಮೇಕರ್ ದೇಹದ ಹೊರಗಿದ್ದು ಗೋಡೆಯ ಪ್ಲಗ್ಗಿನಿಂದ ನಡೆಯುತ್ತಿತ್ತು, ವೈರು ಎಷ್ಟು ಉದ್ದವೋ ಅಷ್ಟೇ ಅವರ ಓಡಾಟ. 1957ರ ಅಕ್ಟೋಬರ್ 31ರಂದು ಊರಿಗೇ ಕರೆಂಟ್ ಹೋಯಿತು. ಇದಕ್ಕೊಂದು ದಾರಿ ಹುಡುಕಿ ಅಂತ ಅಲ್ಲಿನ ಹೃದಯ ಶಸ್ತ್ರಚಿಕಿತ್ಸಕ ಡಾ. ವಾಲ್ಟನ್ ಲಿಲ್ಲೆಹೈ ಕೇಳಿದಾಗ, ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಿದ್ದ ಅರ್ಲ್ ಬಾಕೆನ್ ಕೆಲವೇ ವಾರಗಳಲ್ಲಿ ಬ್ಯಾಟರಿಯ ಪುಟ್ಟ ಪೆಟ್ಟಿಗೆ ಮಾಡಿಕೊಟ್ಟರು. ಮರುವರ್ಷ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೇ ಪೇಸ್‌ಮೇಕರ್ ಇಟ್ಟರು. ಆ ಮೊದಲ ಯಂತ್ರ ಕೆಲವೇ ಗಂಟೆ ಬಾಳಿತು. ಆದರೆ ಒಂದಾದ ಮೇಲೊಂದು ಬದಲಾಯಿಸುತ್ತಾ ಅವರು 2001ರವರೆಗೆ ಬದುಕಿದರು!

ಈಗಿನ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಮುಗಿಯುವ ಸೂಚನೆ ತಪಾಸಣೆಯಲ್ಲಿ ತಿಂಗಳುಗಳ ಮೊದಲೇ ಸಿಗುತ್ತದೆ, ಅದಕ್ಕೇ ಆರಾಮಾಗಿದ್ದೇವೆ ಅಂತ ತಪಾಸಣೆ ತಪ್ಪಿಸಬೇಡಿ. ಆಗ ಸಾಮಾನ್ಯವಾಗಿ ಪೆಟ್ಟಿಗೆ ಮಾತ್ರ ಬದಲಾಯಿಸುತ್ತಾರೆ, ತಂತಿ ಹಳೆಯದೇ ಇರುತ್ತದೆ.

ಹೇಳಲು ಕಷ್ಟವಾದರೂ ಇನ್ನೊಂದು ಮಾತು. ದೇಹವನ್ನು ಸುಡುವ ಪದ್ಧತಿ ಇದ್ದರೆ ಅದಕ್ಕೆ ಮೊದಲು ಪೇಸ್‌ಮೇಕರ್ ತೆಗೆಸಲೇಬೇಕು, ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಈ ವಿಷಯ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.