ಸುಡೊ ಇಲ್ಲದ ಸರ್ವರಿನಲ್ಲಿ ಆರ್ಮ್ ಬೋರ್ಡಿಗೆ ಲಿನಕ್ಸ್ ಇಮೇಜ್ ಕಟ್ಟಿದ್ದು

ನನ್ನ ಹತ್ತಿರ ಇದ್ದದ್ದು ಒಂದು ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ ಪ್ರೊಸೆಸರ್) ಸರ್ವರಿನ ಲಾಗಿನ್, ಅಷ್ಟೇ. ಹಲವರು ಹಂಚಿಕೊಂಡು ಬಳಸುವ ಮಷೀನು. ಅಂಥ ಕಡೆ ಸುಡೊ, ಅಂದರೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಕಮಾಂಡ್ ಓಡಿಸುವ ಅನುಮತಿ, ಕೊಡುವುದಿಲ್ಲ, ಕೊಡುವುದು ಸರಿಯೂ ಅಲ್ಲ. ಬೇಕಾಗಿದ್ದದ್ದು 64 ಬಿಟ್ ಆರ್ಮ್ (ಬೇರೆಯೇ ಮಾದರಿಯ ಪ್ರೊಸೆಸರ್) ಬೋರ್ಡಿಗೆ ಒಂದು ಡೆಬಿಯನ್ ಲಿನಕ್ಸ್ ಇಮೇಜು. ಎಸ್‌ಡಿ ಕಾರ್ಡಿಗೆ ಬರೆದು ಹಾಕಿದರೆ ನೇರವಾಗಿ ಬೂಟ್ ಆಗಬೇಕು. ಆದರೆ ನಾನು ತೆರೆದ ಪ್ರತಿ ಮಾರ್ಗದರ್ಶಿಯ ಮೊದಲ ಸಾಲೂ ಸುಡೊ ಅಂತಲೇ ಶುರುವಾಗುತ್ತಿತ್ತು.

ಎರಡು ದಿನ ಅಲ್ಲಿ ಇಲ್ಲಿ ತಡಕಾಡಿದ ಮೇಲೆ ಒಂದು ಕೆಲಸ ಮಾಡಿದೆ. ಈ ಕೆಲಸಕ್ಕೆ ರೂಟ್ ನಿಜವಾಗಿ ಎಲ್ಲೆಲ್ಲಿ ಬೇಕು ಅಂತ ಬರೆದುಕೊಂಡೆ. ಫೈಲುಗಳ ಒಡೆಯ ಯುಐಡಿ (ಬಳಕೆದಾರರ ಸಂಖ್ಯೆ) 0, ಅಂದರೆ ರೂಟ್, ಆಗಿರಬೇಕು. ಹೊಸ ಫೋಲ್ಡರಿಗೆ ಚ್ರೂಟ್ ಮಾಡಿ (ಆ ಫೋಲ್ಡರೇ ಇಡೀ ಸಿಸ್ಟಂ ಎಂಬಂತೆ ತೋರಿಸಿ) ಪ್ಯಾಕೇಜುಗಳ ಸ್ಕ್ರಿಪ್ಟ್ ಓಡಿಸಬೇಕು. ಡಿವೈಸ್ ನೋಡ್ (ಸಾಧನವನ್ನು ಸೂಚಿಸುವ ವಿಶೇಷ ಫೈಲು) ಮಾಡಬೇಕು. ಆರ್ಮ್ ಪ್ರೋಗ್ರಾಮುಗಳು ಎಕ್ಸ್86 ಮೇಲೆ ಓಡಬೇಕು. ಕೊನೆಗೆ ಡಿಸ್ಕ್ ಇಮೇಜನ್ನು ಲೂಪ್ ಡಿವೈಸಿಗೆ (ಫೈಲನ್ನು ಡಿಸ್ಕಿನಂತೆ ತೋರಿಸುವ ವ್ಯವಸ್ಥೆ) ಕಟ್ಟಿ ಮೌಂಟ್ ಮಾಡಬೇಕು. ಹೀಗೆ ಬಿಡಿಸಿ ನೋಡಿದಾಗ ಗೊತ್ತಾಯ್ತು: ನನಗೆ ಬೇಕಿದ್ದದ್ದು ರೂಟ್ ಅಲ್ಲ, ಈ ಐದು ಸಣ್ಣ ಕೆಲಸಗಳು. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಇದೆ.

ಮೊದಲು ಫೇಕ್‌ರೂಟ್ ಹಿಡಿದೆ. ಅದು ಎಲ್‌ಡಿ_ಪ್ರಿಲೋಡ್ ಮೂಲಕ ಒಂದು ಲೈಬ್ರರಿಯನ್ನು ಪ್ರೋಗ್ರಾಮಿನೊಳಗೆ ತೂರಿಸಿ, ಚೋನ್ (ಫೈಲಿನ ಒಡೆಯನ ಬದಲಾವಣೆ) ಮಾಡಿದಾಗ ಮಾಡಿದಂತೆ ನಟಿಸುತ್ತದೆ. ಒಂದೇ ಆರ್ಕಿಟೆಕ್ಚರ್ ಆದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಎಮ್ಯುಲೇಟರಿನಲ್ಲಿ (ಬೇರೆ ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಮು) ಓಡುವ ಆರ್ಮ್ ಪ್ರೋಗ್ರಾಮಿಗೆ ಎಕ್ಸ್86 ಲೈಬ್ರರಿ ಹೇಗೆ ಸೇರಬೇಕು? ಆರ್ಮ್‌ನ ಲೋಡರಿಗೆ ಆರ್ಮ್‌ನದೇ ಲೈಬ್ರರಿ ಬೇಕು. ಅದನ್ನೂ ತಂದು ಜೋಡಿಸಬಹುದು, ಆದರೆ ಸ್ಟಾಟಿಕ್ ಆಗಿ (ಹೊರಗಿನ ಲೈಬ್ರರಿ ಬೇಡದಂತೆ) ಕಟ್ಟಿದ ಪ್ರೋಗ್ರಾಮುಗಳಿಗೆ ಈ ಉಪಾಯ ಮುಟ್ಟುವುದೇ ಇಲ್ಲ. ಆಮೇಲೆ ಪ್ರೂಟ್ ನೋಡಿದೆ. ಅದು ಪಿಟ್ರೇಸ್ (ಒಂದು ಪ್ರೋಗ್ರಾಮನ್ನು ಇನ್ನೊಂದು ಗಮನಿಸುವ ಸೌಲಭ್ಯ) ಹಾಕಿ ಕರ್ನಲ್ಲಿಗೆ ಹೋಗುವ ಪ್ರತಿ ಕೋರಿಕೆಯನ್ನೂ, ಅಂದರೆ ಸಿಸ್ಟಂ ಕಾಲನ್ನೂ, ಹಿಡಿದು ನೋಡುತ್ತದೆ, ಹಾಗಾಗಿ ಕೆಲಸ ಆಗುತ್ತದೆ. ಆದರೆ ಎಮ್ಯುಲೇಷನ್ ಮೊದಲೇ ನಿಧಾನ, ಅದರ ಮೇಲೆ ಇದು ಬೇರೆ. ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಯೂಸರ್ ನೇಮ್‌ಸ್ಪೇಸ್, ಅಂದರೆ ಬಳಕೆದಾರರ ಸಂಖ್ಯೆಗಳು ಬೇರೆಯೇ ಆಗಿ ಕಾಣುವ ಪ್ರತ್ಯೇಕ ಆವರಣ. 2013ರಲ್ಲಿ ಬಂದ 3.8 ಕರ್ನಲ್ಲಿನಿಂದ ಸಾಮಾನ್ಯ ಬಳಕೆದಾರರೂ ಇದನ್ನು ತೆರೆಯಬಹುದು. ಒಳಗೆ ನೀವು ಯುಐಡಿ 0, ಹೊರಗೆ ನೀವು ನೀವೇ. ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಬಿಟ್ಟರೆ ಮುಂದಿನದೆಲ್ಲ ತಪ್ಪುತ್ತದೆ. ಯಾರ ಸಹಾಯವೂ ಇಲ್ಲದೆ ಕರ್ನಲ್ ನಿಮಗೆ ಬಿಡುವುದು ಒಂದೇ ಒಂದು ಯುಐಡಿಯನ್ನು ಮ್ಯಾಪ್ ಮಾಡಲು, ಅದೂ ನಿಮ್ಮದನ್ನೇ. ಒಂದು ಪೂರ್ತಿ ಡೆಬಿಯನ್‌ಗೆ ಅದು ಸಾಲುವುದಿಲ್ಲ, ಅದರೊಳಗೆ ಎಷ್ಟೋ ಸಿಸ್ಟಂ ಬಳಕೆದಾರರು ಇರುತ್ತಾರೆ ಅಲ್ವಾ. ಅದಕ್ಕೆ ಇಟಿಸಿ ಫೋಲ್ಡರಿನ ಸಬ್‌ಯುಐಡಿ, ಸಬ್‌ಜಿಐಡಿ ಫೈಲುಗಳಲ್ಲಿ ನಿಮ್ಮ ಹೆಸರಿಗೆ ಒಂದು ಸಾಲು ಇರಬೇಕು. ಸಾಮಾನ್ಯವಾಗಿ 100000 ಅಥವಾ ಅದಕ್ಕಿಂತ ಮೇಲಿನಿಂದ ಶುರುವಾಗುವ 65536 ಐಡಿಗಳು. ಜೊತೆಗೆ ನ್ಯೂಯುಐಡಿಮ್ಯಾಪ್, ನ್ಯೂಜಿಐಡಿಮ್ಯಾಪ್ ಅನ್ನುವ ಎರಡು ಸಹಾಯಕ ಪ್ರೋಗ್ರಾಮುಗಳು ಇನ್‌ಸ್ಟಾಲ್ ಆಗಿರಬೇಕು. ನಮ್ಮ ಸರ್ವರಿನಲ್ಲಿ ಕೆಲವರು ರೂಟ್ ಇಲ್ಲದೆ ಪಾಡ್‌ಮನ್ (ಕಂಟೇನರ್ ಓಡಿಸುವ ಪ್ರೋಗ್ರಾಮು) ಬಳಸುತ್ತಿದ್ದರು. ಅದಕ್ಕೂ ಇವೇ ಬೇಕಾದ್ದರಿಂದ ಎಲ್ಲ ಮೊದಲೇ ಇತ್ತು. ನಿಮ್ಮಲ್ಲಿ ಇಲ್ಲದಿದ್ದರೆ ಅಡ್ಮಿನ್ ಹತ್ತಿರ ಕೇಳಬೇಕಾದದ್ದು ಇಷ್ಟೇ. ಸುಡೊ ಕೇಳುವುದಕ್ಕಿಂತ ಇದು ಎಷ್ಟೋ ಸಣ್ಣ ಬೇಡಿಕೆ. ಉಬುಂಟು 24.04 ಇದ್ದರೆ ಆಪ್‌ಆರ್ಮರ್ (ಪ್ರೋಗ್ರಾಮುಗಳಿಗೆ ಮಿತಿ ಹಾಕುವ ರಕ್ಷಣಾ ವ್ಯವಸ್ಥೆ) ಕೂಡ ಇದನ್ನು ತಡೆಯಬಹುದು, ಅದನ್ನೂ ನೋಡಿಕೊಳ್ಳಿ.

ರೂಟ್ ಫೈಲ್‌ಸಿಸ್ಟಂ ಕಟ್ಟಲು ಎಂಎಂಡೆಬ್‌ಸ್ಟ್ರಾಪ್ ಬಳಸಿದೆ. ಅದು ಒಂದೇ ಪರ್ಲ್ ಸ್ಕ್ರಿಪ್ಟ್. ಅದರಲ್ಲಿ ಅನ್‌ಶೇರ್ ಅನ್ನುವ ಮೋಡ್ ಇದೆ, ಅದು ನೇಮ್‌ಸ್ಪೇಸ್ ತೆರೆಯುವುದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಆರ್ಕಿಟೆಕ್ಚರ್ ಆರ್ಮ್64 ಅಂತ ಹೇಳಿ, ಬುಕ್‌ವರ್ಮ್ ಅಂತ ಬಿಡುಗಡೆಯ ಹೆಸರು ಕೊಟ್ಟು, ಔಟ್‌ಪುಟ್ಟಿಗೆ ಫೋಲ್ಡರಿನ ಬದಲು ಟಾರ್ ಫೈಲಿನ (ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿಡುವ ಒಂದೇ ಫೈಲು) ಹೆಸರು ಕೊಟ್ಟೆ. ಈ ಟಾರ್ ಅನ್ನುವ ಆಯ್ಕೆ ಬಹಳ ಮುಖ್ಯ. ಟಾರ್ ಒಳಗೆ ಯುಐಡಿ 0, ಸೆಟ್‌ಯುಐಡಿ ಬಿಟ್ (ಪ್ರೋಗ್ರಾಮು ತನ್ನ ಒಡೆಯನ ಅಧಿಕಾರದಲ್ಲಿ ಓಡಲಿ ಅನ್ನುವ ಗುರುತು), ಡಿವೈಸ್ ನೋಡ್ ಎಲ್ಲ ಬರೀ ಬರಹವಾಗಿ ಕೂರುತ್ತವೆ. ನೇಮ್‌ಸ್ಪೇಸ್ ಒಳಗೆ ನಿಜವಾದ ಡಿವೈಸ್ ನೋಡ್ ಮಾಡಲು ಕರ್ನಲ್ ಬಿಡುವುದಿಲ್ಲ. ಆದರೆ ಟಾರ್‌ನಲ್ಲಿ ಬರೆದಿಡಲು ಯಾರ ಅನುಮತಿಯೂ ಬೇಡ.

ಮೊದಲ ಸಲ ಓಡಿಸಿದಾಗ ಶುರುವಿನಲ್ಲೇ ನಿಂತಿತು. ನನ್ನ ಹೋಮ್ ಫೋಲ್ಡರಿನ ಅನುಮತಿ 700, ಅಂದರೆ ನನಗೆ ಮಾತ್ರ ಪ್ರವೇಶ. ಒಳಗಿನ ರೂಟ್ ಅಂದರೆ ಹೊರಗಿನ 100000, ಅವನಿಗೆ ನನ್ನ ಫೋಲ್ಡರಿನ ಬಾಗಿಲು ತೆರೆಯುವುದಿಲ್ಲ. ಸಾಲದ್ದಕ್ಕೆ ಹೋಮ್ ಇದ್ದದ್ದು ಎನ್‌ಎಫ್‌ಎಸ್ ಮೇಲೆ, ಅಂದರೆ ನೆಟ್‌ವರ್ಕಿನ ಮೂಲಕ ಇನ್ನೊಂದು ಸರ್ವರಿನಲ್ಲಿ. ಆ ಕಡೆಯ ಸರ್ವರಿಗೆ ನನ್ನ ಸಬ್‌ಯುಐಡಿಗಳ ಪರಿಚಯವೇ ಇಲ್ಲ, ಹಾಗಾಗಿ ಚೋನ್ ನಡೆಯುವುದಿಲ್ಲ. ತಾತ್ಕಾಲಿಕ ಫೈಲುಗಳ ಜಾಗ ಹೇಳುವ ಟಿಎಂಪಿಡಿಐಆರ್ ಅನ್ನು ಲೋಕಲ್ ಡಿಸ್ಕಿನ ವಾರ್ ಟಿಎಂಪಿಗೆ ತಿರುಗಿಸಿದ ಮೇಲೆ ಸರಿಹೋಯಿತು.

ಇನ್ನು ಆರ್ಮ್ ಪ್ರೋಗ್ರಾಮು ಓಡಿಸುವ ವಿಷಯ. ಕ್ಯೂಎಮು ಅನ್ನುವ ಎಮ್ಯುಲೇಟರಿನ ಯೂಸರ್ ಮೋಡ್ ಆರ್ಮ್ ಸೂಚನೆಗಳನ್ನು ಎಕ್ಸ್86ಗೆ ತಿರುಗಿಸಿ, ಸಿಸ್ಟಂ ಕಾಲುಗಳನ್ನು ನಮ್ಮ ಕರ್ನಲ್ಲಿಗೇ ದಾಟಿಸುತ್ತದೆ. ಆರ್ಮ್ ಫೈಲು ಕಂಡರೆ ಕ್ಯೂಎಮುವನ್ನು ಕರಿ ಅಂತ ಕರ್ನಲ್ಲಿಗೆ ಹೇಳುವುದು ಬಿನ್‌ಎಫ್‌ಎಂಟಿ_ಮಿಸ್ಕ್. ಸರ್ವರಿನಲ್ಲಿ ಇದು ನೋಂದಣಿ ಆಗಿತ್ತು. ಪ್ರೊಕ್ ಕೆಳಗೆ ಅದರ ಫೈಲನ್ನು ತೆರೆದು ಫ್ಲ್ಯಾಗುಗಳಲ್ಲಿ ಎಫ್ ಅಕ್ಷರ ಇದೆಯೇ ನೋಡಿ. 2016ರ 4.8 ಕರ್ನಲ್ಲಿನಿಂದ ಇರುವ ಈ ಎಫ್, ನೋಂದಣಿಯ ಹೊತ್ತಿಗೇ ಕ್ಯೂಎಮು ಫೈಲನ್ನು ತೆರೆದು ಇಟ್ಟುಕೊಳ್ಳುತ್ತದೆ. ಅದರಿಂದ ಚ್ರೂಟ್ ಒಳಗೆ ಕ್ಯೂಎಮು ಕಾಪಿ ಮಾಡಿಡುವ ಹಳೆಯ ಪದ್ಧತಿ ಬೇಕಾಗಿಲ್ಲ.

ಸ್ವಲ್ಪ ದಿನ ಬಿಟ್ಟು ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದರು, ಆ ನೋಂದಣಿ ಹೋಯಿತು. ನೋಂದಣಿಗೆ ರೂಟ್ ಬೇಕೇ ಬೇಕು ಅಂತ ನಾನು ನಂಬಿದ್ದೆ. ಆದರೆ 6.7 ಕರ್ನಲ್ಲಿನಿಂದ ಒಂದೊಂದು ಯೂಸರ್ ನೇಮ್‌ಸ್ಪೇಸಿಗೂ ತನ್ನದೇ ಬಿನ್‌ಎಫ್‌ಎಂಟಿ_ಮಿಸ್ಕ್ ಇರಬಹುದು. ಯುಟಿಲ್-ಲಿನಕ್ಸ್ 2.40ರ ಅನ್‌ಶೇರ್ ಕಮಾಂಡಿಗೆ ಲೋಡ್-ಇಂಟರ್ಪ್ ಅನ್ನುವ ಆಯ್ಕೆಯೂ ಬಂದಿದೆ. ಅದಕ್ಕೆ ಆರ್ಮ್ ಎಲ್ಫ್ (ಲಿನಕ್ಸ್ ಪ್ರೋಗ್ರಾಮುಗಳ ರೂಪ) ಫೈಲಿನ ಗುರುತು, ಮಾಸ್ಕ್, ಕ್ಯೂಎಮುವಿನ ದಾರಿ, ಎಫ್ ಫ್ಲ್ಯಾಗ್ ಕೊಟ್ಟೆ. ಮೊದಲೇ ಮಾಡಿಟ್ಟ ಟಾರನ್ನು ಬಿಚ್ಚಿದ ಫೋಲ್ಡರಿನೊಳಗೆ ಹೋಗಿ ಯುನೇಮ್ ಕೇಳಿದರೆ ಎಆರ್ಚ್64 ಅಂತ ಉತ್ತರ ಬಂತು. ಯಾರನ್ನೂ ಏನೂ ಕೇಳದೆ! ಆ ಕ್ಷಣ ಆದ ಖುಷಿ ದೊಡ್ಡದು.

ಈಗ ನನಗೆ ಅತಿ ಹೆಚ್ಚು ಸಮಯ ತಿಂದ ತಪ್ಪು. ಟಾರ್ ಸಿಕ್ಕಿದ ಮೇಲೆ ಡಿಸ್ಕ್ ಇಮೇಜ್ ಮಾಡಬೇಕು. ಲೂಪ್ ಡಿವೈಸ್ ಬೇಡ, ಫೈಲ್‌ಸಿಸ್ಟಂ ಮಾಡುವ ಎಂಕೆಇ2ಎಫ್‌ಎಸ್‌ಗೆ ಡಿ ಅನ್ನುವ ಆಯ್ಕೆ ಇದೆ, ಒಂದು ಫೋಲ್ಡರ್ ತೋರಿಸಿದರೆ ಅದರಲ್ಲಿರುವುದನ್ನೆಲ್ಲ ಹೊಸ ಇಎಕ್ಸ್‌ಟಿ4 ಒಳಗೆ ತುಂಬಿಸುತ್ತದೆ, ಮೌಂಟ್ ಮಾಡುವ ಪ್ರಶ್ನೆಯೇ ಇಲ್ಲ. ಸರಿ ಅಂತ ಟಾರನ್ನು ಸುಮ್ನೆ ನನ್ನ ಲಾಗಿನ್ನಿನಲ್ಲೇ ಬಿಚ್ಚಿದೆ. ಡಿವೈಸ್ ನೋಡುಗಳ ಬಗ್ಗೆ ಕೆಲವು ಎರರ್ ಬಂದವು, ಬೂಟ್ ಆದ ಮೇಲೆ ಕರ್ನಲ್ಲಿನ ಡೆವ್‌ಟಿಎಂಪಿಎಫ್‌ಎಸ್ ಅವನ್ನು ಹೇಗೂ ಮಾಡಿಕೊಳ್ಳುತ್ತದೆ ಅಂತ ಮುಂದೆ ಹೋದೆ. ಇಮೇಜ್ ತಯಾರಾಯಿತು. ಬೂಟ್ ಕೂಡ ಆಯಿತು. ಲಾಗಿನ್ ಆಗಿ ಸುಡೊ ಕೊಟ್ಟರೆ, ಈ ಫೈಲಿನ ಒಡೆಯ ಯುಐಡಿ 0 ಆಗಿರಬೇಕು, ಸೆಟ್‌ಯುಐಡಿ ಬಿಟ್ ಇರಬೇಕು ಅಂತ ಅದು ನಿರಾಕರಿಸಿತು. ಎಲ್‌ಎಸ್ ಹಾಕಿ ನೋಡಿದೆ. ಇಡೀ ಸಿಸ್ಟಮ್ಮಿನ ಒಡೆಯ 1000, ಅಂದರೆ ಸರ್ವರಿನಲ್ಲಿ ನಾನು! ಸಾಮಾನ್ಯ ಬಳಕೆದಾರರು ಟಾರ್ ಬಿಚ್ಚಿದರೆ ಫೈಲುಗಳೆಲ್ಲ ಅವರ ಹೆಸರಿಗೇ ಆಗುತ್ತವೆ, ಸೆಟ್‌ಯುಐಡಿ ಬಿಟ್ ಕೂಡ ಉದುರಿಹೋಗುತ್ತದೆ. ಎಂಕೆಇ2ಎಫ್‌ಎಸ್ ತನಗೆ ಕಂಡದ್ದನ್ನು ಹಾಗೇ ಬರೆದಿತ್ತು. ಅದರ ತಪ್ಪೇನೂ ಇಲ್ಲ.

ಸರಿ ಮಾಡಿದ್ದು ಹೀಗೆ. ಅನ್‌ಶೇರ್ ಕಮಾಂಡಿಗೆ ಮ್ಯಾಪ್-ರೂಟ್-ಯೂಸರ್, ಮ್ಯಾಪ್-ಆಟೊ ಎರಡೂ ಕೊಟ್ಟು, ಆ ಒಂದೇ ನೇಮ್‌ಸ್ಪೇಸಿನೊಳಗೆ ಟಾರ್ ಬಿಚ್ಚುವುದು, ಎಂಕೆಇ2ಎಫ್‌ಎಸ್ ಓಡಿಸುವುದು ಎರಡನ್ನೂ ಮಾಡಿದೆ. ಒಳಗಿನಿಂದ ನೋಡಿದಾಗ ಒಡೆಯ 0, ಇಮೇಜಿನಲ್ಲೂ 0. ಎಂಕೆಇ2ಎಫ್‌ಎಸ್ ಬರುವ ಇ2ಎಫ್‌ಎಸ್‌ಪ್ರಾಗ್ಸ್ ಪ್ಯಾಕೇಜು 1.47.1 ಅಥವಾ ಅದಕ್ಕಿಂತ ಹೊಸದು ಇದ್ದು, ಲಿಬ್‌ಆರ್ಕೈವ್ ಜೊತೆ ಕಟ್ಟಿದ್ದರೆ ಇನ್ನೂ ಸುಲಭ. ಡಿ ಆಯ್ಕೆಗೆ ಟಾರ್ ಫೈಲನ್ನೇ ನೇರವಾಗಿ ಕೊಡಬಹುದು, ಬಿಚ್ಚುವ ಹಂತವೇ ಇಲ್ಲ. ನಾನು ಈಗ ಹೀಗೇ ಮಾಡುತ್ತೇನೆ.

ಪಾರ್ಟಿಷನ್ ಕೆಲಸ ಬೇಗ ಮುಗಿಯಿತು. ಟ್ರಂಕೇಟ್‌ನಿಂದ ಖಾಲಿ ಫೈಲು ಮಾಡಿ, ಎಸ್‌ಎಫ್‌ಡಿಸ್ಕ್‌ನಿಂದ ಅದರಲ್ಲೇ ಟೇಬಲ್ ಬರೆದೆ, ಅದಕ್ಕೆ ಸಾಮಾನ್ಯ ಫೈಲು ಸಾಕು. ಬೂಟ್‌ಲೋಡರ್ ಹುಡುಕುವ ಫ್ಯಾಟ್ ಪಾರ್ಟಿಷನ್ನಿಗೆ ಎಂಟೂಲ್ಸ್‌ನ ಎಂಕಾಪಿಯಿಂದ ಫೈಲು ತುಂಬಿದೆ. ಆಮೇಲೆ ಎರಡನ್ನೂ ಡಿಡಿಯಿಂದ ಅದರದರ ಜಾಗಕ್ಕೆ ಬರೆದೆ. ನೋಟ್ರಂಕ್ ಅಂತ ಹೇಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಇಮೇಜಿನ ಉಳಿದ ಭಾಗ ಕತ್ತರಿಸಿಹೋಗುತ್ತದೆ.

ಕಾರ್ಡಿಗೆ ಬರೆಯುವ ಮುಂಚೆ ಕ್ಯೂಎಮುವಿನ ಸಿಸ್ಟಂ ಮೋಡಿನಲ್ಲಿ, ವರ್ಟ್ ಅನ್ನುವ ಮಷೀನಿನ ಮೇಲೆ ಬೂಟ್ ಮಾಡಿ ನೋಡುತ್ತೇನೆ. ಅದಕ್ಕೂ ರೂಟ್ ಬೇಡ. ಬೇರೆ ಆರ್ಕಿಟೆಕ್ಚರ್ ಆದ್ದರಿಂದ ಕೆವಿಎಂ (ವರ್ಚುವಲ್ ಮಷೀನಿಗೆ ವೇಗ ಕೊಡುವ ಕರ್ನಲ್ ಸೌಲಭ್ಯ) ಸಹಾಯ ಸಿಗುವುದಿಲ್ಲ, ನಿಧಾನ ಆಗುತ್ತದೆ. ಆದರೆ ಸುಡೊದಂಥ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ. ನಾನೇ ಕರ್ನಲ್ ಕಟ್ಟಬೇಕಾದಾಗ ಎಮ್ಯುಲೇಟರ್ ಒಳಗೆ ಕಟ್ಟುವುದಿಲ್ಲ. ಕ್ರಾಸ್ ಕಂಪೈಲರ್ (ಇಲ್ಲಿ ಓಡಿ ಆರ್ಮ್‌ಗೆ ಪ್ರೋಗ್ರಾಮು ಕಟ್ಟುವುದು) ಎಕ್ಸ್86ನ ಪೂರ್ತಿ ವೇಗದಲ್ಲಿ ಓಡುತ್ತದೆ. ಎಮ್ಯುಲೇಟರ್ ಇರಲಿ ಪ್ಯಾಕೇಜಿನ ಸ್ಕ್ರಿಪ್ಟುಗಳಿಗೆ ಮಾತ್ರ, ಅದರಲ್ಲೂ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಸಣ್ಣ ಫೈಲ್‌ಸಿಸ್ಟಂ) ಕಟ್ಟುವ ಹಂತವೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಒಂದು ಸಣ್ಣ ವಿಷಯ. ನೇಮ್‌ಸ್ಪೇಸಿನಲ್ಲಿ ಬಿಚ್ಚಿದ ಫೋಲ್ಡರನ್ನು ಹೊರಗಿನಿಂದ ಅಳಿಸಲು ಹೋದರೆ ಕೆಲವಕ್ಕೆ ಅನುಮತಿ ಇಲ್ಲ ಅನ್ನುತ್ತದೆ, ಒಳಗಿನ ರೂಟ್ ಅಲ್ಲದ ಬಳಕೆದಾರರ ಫೈಲುಗಳ ಒಡೆಯ ಹೊರಗೆ 100000 ಅಥವಾ ಅದಕ್ಕಿಂತ ಮೇಲಿನ ಐಡಿ ಅಲ್ವಾ. ಗಾಬರಿಯಾಗಬೇಡಿ, ಅದೇ ಅನ್‌ಶೇರ್ ಕಮಾಂಡಿನ ಒಳಗಿನಿಂದ ಅಳಿಸಿ.

ಮೊನ್ನೆ ಇದೇ ಸ್ಕ್ರಿಪ್ಟಿನಿಂದ ರಿಸ್ಕ್-ವಿ (ಮತ್ತೊಂದು ಮಾದರಿಯ ಪ್ರೊಸೆಸರ್) ಇಮೇಜ್ ಮಾಡಿದೆ. 2025ರ ಡೆಬಿಯನ್ 13ರಿಂದ ಅದು ಅಧಿಕೃತ ಆರ್ಕಿಟೆಕ್ಚರ್ ಆಗಿದೆ. ಬದಲಾಯಿಸಿದ್ದು ಬಿಡುಗಡೆಯ ಹೆಸರು, ಆರ್ಕಿಟೆಕ್ಚರ್, ಕರ್ನಲ್ ಪ್ಯಾಕೇಜು, ಕ್ಯೂಎಮುವಿನ ನೋಂದಣಿ ಸಾಲು. ಪರೀಕ್ಷೆಗೆ ಬೂಟ್ ಮಾಡುವಾಗ ಕನ್ಸೋಲನ್ನು ಟಿಟಿವೈಎಎಂಎ0 ಬದಲು ಟಿಟಿವೈಎಸ್0 ಮಾಡಬೇಕಾಯ್ತು. ಲಾಗಿನ್ ಆಗಿ ಮೊದಲು ಸುಡೊ ಕೊಟ್ಟು ನೋಡಿದೆ. ಪಾಸ್‌ವರ್ಡ್ ಕೇಳಿತು.