ಇಸಿಜಿ ಪ್ರಾಜೆಕ್ಟ್: ಟೈಟಲ್ ಆಮೇಲೆ, ಡೇಟಾ ಮೊದಲು

ಬಯೋಮೆಡಿಕಲ್ ಎಂ.ಟೆಕ್ ಪ್ರಾಜೆಕ್ಟ್ ಅಂದ ಕೂಡಲೇ ಎಲ್ಲರೂ ಒಳ್ಳೆ ಟೈಟಲ್ ಹುಡುಕಲು ಹೊರಡುತ್ತಾರೆ. ನನ್ನದು ಇಸಿಜಿ ನೋಡಿ ಹೃದಯಬಡಿತದ ಏರುಪೇರು ಗುರುತಿಸುವ ಪ್ರಾಜೆಕ್ಟ್, ನಾನು ಡೇಟಾ ಹುಡುಕಿದೆ. ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೇನು ಬರ, ಜಯದೇವ ಇದೆ, ನಿಮ್ಹಾನ್ಸ್ ಇದೆ ಅನ್ನಬಹುದು. ಆದರೆ ರೋಗಿಗಳ ಇಸಿಜಿ ಬೇಕಂದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಸಾಮಾನ್ಯವಾಗಿ ರೋಗಿಯ ಸಹಿಯೂ ಬೇಕು. ಕಮಿಟಿ ದಿನಾ ಸೇರುವುದಿಲ್ಲ. ಕೊನೇ ಸೆಮಿಸ್ಟರ್‌ನಲ್ಲಿ ಅರ್ಜಿ ಹಾಕಿದರೆ ವೈವಾ ಮುಗಿದ ಮೇಲೆ ಒಪ್ಪಿಗೆ ಬಂದೀತು. ಹಾಗಾಗಿ ಅರ್ಜಿ ಮೊದಲೇ ಕೊಟ್ಟು, ಎಲ್ಲರಿಗೂ ಸಿಗುವ ಎಂಐಟಿ-ಬಿಐಎಚ್ ಇಸಿಜಿ ಡೇಟಾ ಹಿಡಿದು ಕೂತೆ.

ಇದು 1980ರಿಂದ ಸಿಗುತ್ತಿರುವ ಹಳೇ ಸಂಗ್ರಹ. ಅರ್ಧರ್ಧ ಗಂಟೆಯ 48 ರೆಕಾರ್ಡ್‌ಗಳು, ಜನ ಮಾತ್ರ 47. ಯಾಕೆಂದರೆ 201 ಮತ್ತು 202 ಒಬ್ಬನದೇ. ಚಿಕ್ಕ ವಿಷಯ ಅನ್ನಿಸುತ್ತದೆ ಅಲ್ವಾ? ಅಲ್ಲೇ ಇರುವುದು ಮಜಾ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಎಲ್ಲರ ಬಡಿತಗಳನ್ನೂ ಒಂದೇ ಕಡೆ ಸುರಿದು, ಕಲೆಸಿ, ಆಮೇಲೆ ಟ್ರೈನಿಂಗ್‌ಗೆ ಇಷ್ಟು, ಟೆಸ್ಟಿಂಗ್‌ಗೆ ಇಷ್ಟು ಅಂತ ಹಂಚುತ್ತಾರೆ. ಒಬ್ಬನದೇ ಬಡಿತಗಳು ಎರಡೂ ಕಡೆ ಬೀಳುತ್ತವೆ. ಆಗ ಮಾಡೆಲ್ ಕಾಯಿಲೆ ಕಲಿಯುವುದಕ್ಕಿಂತ ಆಳನ್ನು ಗುರುತು ಹಿಡಿಯುವುದೇ ಜಾಸ್ತಿ. 99 ಪರ್ಸೆಂಟ್ ಬಂತು ಅಂದರೆ ಅದು ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವನ ಮಾರ್ಕ್ಸ್.

ನಾನು ಸಂಶೋಧಕ ಡಿ ಚಾಜಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಹಂಚಿಕೆ ತೆಗೆದುಕೊಂಡೆ. ಪೇಸ್‌ಮೇಕರ್ ಇರುವ 4 ರೆಕಾರ್ಡ್ ಬಿಟ್ಟು, ಉಳಿದ 44ರಲ್ಲಿ 22 ಕಲಿಕೆಗೆ, 22 ಪರೀಕ್ಷೆಗೆ. ತಮಾಷೆ ನೋಡಿ, ಅದರಲ್ಲೂ 201 ಆ ಕಡೆ, 202 ಈ ಕಡೆ! 202 ಕೈಬಿಟ್ಟೆ, ಬಿಟ್ಟಿದ್ದನ್ನು ರಿಪೋರ್ಟ್‌ನಲ್ಲಿ ಬರೆದೆ. ನನ್ನ ಅಂಕಿ ಗೆಳೆಯರದ್ದಕ್ಕಿಂತ ಕಮ್ಮಿ ಬಂತು. ವೈವಾದಲ್ಲಿ ಯಾಕೆ ಕಮ್ಮಿ ಅನ್ನುವ ಪ್ರಶ್ನೆಯೇ ಬಂತು, ಉತ್ತರ ಈ ಹಂಚಿಕೆಯಲ್ಲೇ ಇತ್ತು.

ಹಾರ್ಡ್‌ವೇರ್, ಅಂದರೆ ನಮ್ಮದೇ ಇಸಿಜಿ ಹಿಡಿಯುವ ಸಾಧನ, ಸುಲಭದ ಪಾಲು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಹೋದರೆ ಇಸಿಜಿ ಹಿಡಿಯುವ ಎಡಿ8232 ಬೋರ್ಡ್, ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಅಂಟಿಸುವ ಎಲೆಕ್ಟ್ರೋಡ್‌ ಎಲ್ಲ ಸಿಗುತ್ತವೆ. ಚೌಕಾಸಿ ನಿಮಗೆ ಬಿಟ್ಟಿದ್ದು. ತಲೆನೋವು ಆಮೇಲೆ. ಎಂಐಟಿ ಡೇಟಾ ಅಮೆರಿಕದ್ದು, ಅದರಲ್ಲಿ ಕರೆಂಟಿನ ಗದ್ದಲ 60 ಹರ್ಟ್ಸ್‌ನಲ್ಲಿದೆ. ನಮ್ಮದು 50. ಒಂದೇ ಆವರ್ತನದ ಗದ್ದಲ ಕತ್ತರಿಸುವ ಅಲ್ಲಿನ ನಾಚ್ ಫಿಲ್ಟರನ್ನು ಸುಮ್ನೆ ಕಾಪಿ ಮಾಡಿದರೆ ನಮ್ಮ ಗದ್ದಲ ಹಾಗೇ ಉಳಿಯುತ್ತದೆ. ಅದಕ್ಕೂ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಮೈಗೆ ವೈರ್ ಹಚ್ಚಿದಾಗ ಸುರಕ್ಷತೆಗೂ ಅದೇ ಸರಿ. ಚಾರ್ಜರ್ ಕಿತ್ತ ಕೂಡಲೇ ಸ್ಕ್ರೀನ್ ಮೇಲಿನ ದಪ್ಪ ಪಟ್ಟಿ ತೆಳ್ಳಗಾಗಿ, ಅಡಗಿದ್ದ ಪಿ ಅಲೆ (ಬಡಿತದ ಶುರುವಿನ ಸಣ್ಣ ಉಬ್ಬು) ಕಾಣಿಸಿತು. ಎಲೆಕ್ಟ್ರೋಡ್ ಅಂಟಿಸುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿದ ಮೇಲೆ ಇನ್ನೂ ಸ್ಪಷ್ಟ.

ನಡೆಯುವಾಗ ಸಿಗ್ನಲ್ ಕುಣಿಯುತ್ತದಲ್ಲ, ಅದನ್ನು ನಾನು ಮುಟ್ಟಲಿಲ್ಲ, ಗೈಡ್ ಬೇಡ ಅಂದರು. ಪಕ್ಕದಲ್ಲೊಂದು ಆಕ್ಸೆಲರೋಮೀಟರ್ (ಅಲುಗಾಟ ಅಳೆಯುವ ಸೆನ್ಸರ್) ಕೂರಿಸಿ, ಮೈ ಅಲುಗಿದ್ದೆಷ್ಟು, ಸಿಗ್ನಲ್ ಕೆಟ್ಟಿದ್ದೆಷ್ಟು ಅಂತ ಹೋಲಿಸಿದರೆ ಅದೇ ಒಂದು ಪೂರ್ತಿ ಪ್ರಾಜೆಕ್ಟ್. ಯಾರಾದರೂ ಹಿಡಿಯಬಹುದು.