ಗೆಳೆತನದ ಚಿತ್ರಪುಸ್ತಕ: ಆರಿಸುವುದು ಹೇಗೆ, ಓದಿ ಹೇಳುವುದು ಹೇಗೆ

ನಾನು ಪೀಣ್ಯದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು ಕಲಿಯುತ್ತಾರೆ. ಕಾರ್ಖಾನೆಗೆ, ಕಟ್ಟಡದ ಕೆಲಸಕ್ಕೆ ಅಂತ ಬಂದವರ ಮಕ್ಕಳೇ ಜಾಸ್ತಿ. ಮನೆಯಲ್ಲಿ ಒಬ್ಬರದು ತೆಲುಗು, ಒಬ್ಬರದು ಉರ್ದು, ಇನ್ನೊಬ್ಬರದು ಲಂಬಾಣಿ. ಕನ್ನಡದಲ್ಲೇ ಯಾದಗಿರಿಯದು ಒಂದು, ಮಾಗಡಿಯದು ಇನ್ನೊಂದು. ಇಂಥ ಕೋಣೆಯಲ್ಲಿ "ಎಲ್ಲರೂ ಸ್ನೇಹದಿಂದ ಇರ್ರಪ್ಪಾ" ಅಂದರೆ "ಆಯ್ತು ಮಿಸ್" ಅನ್ನುತ್ತಾರೆ. ಆಮೇಲೆ ಅಂಗಳಕ್ಕೆ ಹೋಗಿ ತಮ್ಮ ತಮ್ಮವರ ಜೊತೆ ಮಾತ್ರ ಆಡುತ್ತಾರೆ.

ಬುದ್ಧಿಮಾತು ಕೆಲಸ ಮಾಡದ ಕಡೆ ಒಳ್ಳೆಯ ಚಿತ್ರಪುಸ್ತಕ ಕೆಲಸ ಮಾಡುತ್ತದೆ. ಆದರೆ ಪುಸ್ತಕ ಸರಿಯಾಗಿರಬೇಕು, ಓದುವ ರೀತಿಯೂ ಸರಿಯಾಗಿರಬೇಕು. ಮನೆಯಲ್ಲಿ ಓದುವ ಅಪ್ಪ ಅಮ್ಮಂದಿರಿಗೂ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಓದುವವರಿಗೂ ಆಗುವ ಹಾಗೆ ನಾನು ಮಾಡುವುದನ್ನು ಹೇಳುತ್ತೇನೆ.

ಪುಸ್ತಕ ಕೈಗೆ ಸಿಕ್ಕ ತಕ್ಷಣ ಅಕ್ಷರ ಓದಬೇಡಿ. ಬರೀ ಚಿತ್ರ ನೋಡುತ್ತಾ ಕೊನೆಯ ಪುಟದವರೆಗೆ ಹೋಗಿ. ಓದಲು ಬಾರದ ಮಗುವಿಗೆ ಸಿಗುವ ಪುಸ್ತಕ ಅದೇ ಅಲ್ವಾ. ಯಾರು ಪುಟದ ನಡುವೆ ಇದ್ದಾರೆ, ಯಾರು ಮೂಲೆಯಲ್ಲಿದ್ದಾರೆ ನೋಡಿ. ಗಾಲಿಕುರ್ಚಿಯ ಹುಡುಗಿ ತಾನೇ ಚೆಂಡು ಎಸೆಯುತ್ತಿದ್ದಾಳಾ, ಇಲ್ಲ ಎಲ್ಲ ಪುಟದಲ್ಲೂ ಯಾರೋ ಅವಳನ್ನು ತಳ್ಳಿಕೊಂಡು ಹೋಗುತ್ತಿದ್ದಾರಾ? ಒಳ್ಳೆಯ ಮಕ್ಕಳೆಲ್ಲ ಬೆಳ್ಳಗೆ, ತಂಟೆ ಮಾಡುವವನು ಮಾತ್ರ ಕಪ್ಪಗಿದ್ದಾನಾ? ಹಳ್ಳಿಯ ಮಗು ಅಂದರೆ ಕೆದರಿದ ತಲೆ, ಹರಿದ ಅಂಗಿ ಅಂತಲೇ ಬರೆದಿದ್ದಾರಾ? ಕಥೆಯ ಮಾತು ಎಷ್ಟೇ ಚೆನ್ನಾಗಿರಲಿ, ಚಿತ್ರ ಹೀಗಿದ್ದರೆ ಆ ಪುಸ್ತಕ ವಾಪಸ್ ಇಡುತ್ತೇನೆ.

ಇನ್ನೊಂದು ವಿಷಯ. ಅಂಗವೈಕಲ್ಯ ಅಂದರೆ ನಾನು ನೋಡಿದ ಬಹುಪಾಲು ಪುಸ್ತಕಗಳಲ್ಲಿ ಗಾಲಿಕುರ್ಚಿಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯನ್ನು ಪಟ್ಟಿ ಮಾಡಿದೆ. ಅದರಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ, ಮಾತಿನ ತೊಂದರೆ ಇದೆ. ಕಣ್ಣಿಗೆ ಕಾಣದ ಇಂಥ ವ್ಯತ್ಯಾಸಗಳೇ ತರಗತಿಯಲ್ಲಿ ಜಾಸ್ತಿ ಗೇಲಿಗೆ ಸಿಗುವುದು. ಮಾತು ತೊದಲುವ ಹುಡುಗನ ಕಥೆ, ಅಕ್ಷರ ತಿರುಗಿಸಿ ಬರೆಯುವ ಹುಡುಗಿಯ ಕಥೆ ಕಂಡರೆ ಬಿಡಬೇಡಿ.

ಚಿತ್ರ ನೋಡಿ ಆದ ಮೇಲೆ ಕಥೆ ಓದಿ. ಇಲ್ಲಿ ನನ್ನದು ಒಂದೇ ಮುಖ್ಯ ಪ್ರಶ್ನೆ. ಬೇರೆ ಥರ ಇರುವ ಆ ಪಾತ್ರ ಕೊನೆಗೆ ಎಲ್ಲರ ಜೀವ ಉಳಿಸದೇ ಇದ್ದಿದ್ದರೆ ಉಳಿದವರು ಅವನನ್ನು ಗೆಳೆಯ ಅಂತ ಒಪ್ಪುತ್ತಿದ್ದರಾ? ಈ ಮಾದರಿ ನಿಮಗೂ ಗೊತ್ತು. ಎಲ್ಲರಿಗಿಂತ ಬೇರೆ ಇರುವ ಒಂದು ಪ್ರಾಣಿ. ಎಲ್ಲರೂ ಅದನ್ನು ಗೇಲಿ ಮಾಡುತ್ತಾರೆ. ಒಂದು ದಿನ ಬೆಂಕಿಯೋ ಪ್ರವಾಹವೋ ಬರುತ್ತದೆ. ಗೇಲಿ ಮಾಡಿಸಿಕೊಂಡ ಪ್ರಾಣಿಯೇ ಎಲ್ಲರನ್ನೂ ಕಾಪಾಡುತ್ತದೆ. ಆಗ ಎಲ್ಲರೂ ಬಂದು ತಬ್ಬಿಕೊಳ್ಳುತ್ತಾರೆ. ಗೆಳೆತನದ ಕಥೆ ಅಂತಲೇ ಇದನ್ನು ಮಾರುತ್ತಾರೆ. ಮಗುವಿಗೆ ಇದು ಕಲಿಸುವುದು ಇಷ್ಟೇ: ಬೇರೆ ಥರ ಇರುವವನು ಏನಾದರೂ ದೊಡ್ಡದು ಸಾಧಿಸಿ ತೋರಿಸಬೇಕು, ಆಗ ಮಾತ್ರ ಆಟಕ್ಕೆ ಸೇರಿಸಿಕೊಳ್ಳಬಹುದು. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಬರುವ ನನ್ನ ತರಗತಿಯ ಹುಡುಗಿ ಯಾವ ಪ್ರವಾಹದಿಂದ ಯಾರನ್ನು ಕಾಪಾಡಬೇಕು? ಅವಳು ಸುಮ್ನೆ ಬಂದು ಪಕ್ಕದಲ್ಲಿ ಕೂತು ಸೀಬೆಹಣ್ಣು ಹಂಚಿಕೊಂಡರೆ ಸಾಲದಾ?

ಇದರ ಹಾಗೇ ಇನ್ನೊಂದು ಬಗೆಯ ಕಥೆ ಇದೆ. ಕೊನೆಯ ಪುಟದಲ್ಲಿ ಕುಂಟುವವನು ಓಡುತ್ತಾನೆ, ಕಣ್ಣು ಕಾಣದವಳಿಗೆ ಕಣ್ಣು ಬರುತ್ತದೆ, ಕಪ್ಪು ಹಕ್ಕಿ ಬಣ್ಣದ್ದಾಗುತ್ತದೆ. ಅದನ್ನೂ ಆರಿಸಬೇಡಿ. ಮೊದಲ ಪುಟದಲ್ಲಿದ್ದ ವ್ಯತ್ಯಾಸ ಕೊನೆಯ ಪುಟದಲ್ಲೂ ಹಾಗೇ ಇರಬೇಕು. ಬದಲಾಗಬೇಕಾದದ್ದು ಉಳಿದವರು ನಡೆದುಕೊಳ್ಳುವ ರೀತಿ.

ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ ಅನ್ನುವ ವಿದ್ವಾಂಸೆ 1990ರಲ್ಲಿ ಒಂದು ಮಾತು ಬರೆದರು. ಮಕ್ಕಳ ಪುಸ್ತಕ ಒಮ್ಮೆ ಕನ್ನಡಿ, ಒಮ್ಮೆ ಕಿಟಕಿ ಅಂತ. ಕನ್ನಡಿಯಲ್ಲಿ ಮಗು ತನ್ನನ್ನೇ ನೋಡುತ್ತದೆ, ಕಿಟಕಿಯಲ್ಲಿ ಬೇರೆಯವರ ಬದುಕನ್ನು. ನಾನು ಪುಸ್ತಕ ಜೋಡಿಸುವಾಗ ಇದನ್ನು ನೆನಪಿಟ್ಟುಕೊಳ್ಳುತ್ತೇನೆ. ತಾಂಡಾದಿಂದ ಬಂದ ಮಗುವಿಗೆ ಬೇರೆಯವರ ಮನೆ ತೋರಿಸುವ ಕಥೆಗಳು ಬೇಕಾದಷ್ಟು ಸಿಗುತ್ತವೆ. ತನ್ನ ಅಜ್ಜಿಯ ಹಾಗೆ ಕಸೂತಿಯ ಲಂಗ ಉಟ್ಟ ಅಜ್ಜಿ ಇರುವ ಪುಟ ಸಿಗುವುದೇ ಅಪರೂಪ. ಅಂಥದ್ದು ಒಂದಾದರೂ ಕಪಾಟಿನಲ್ಲಿರಲಿ.

ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಕನ್ನಡ ಪುಸ್ತಕಗಳ ಬೆಲೆ ಕಮ್ಮಿ. ದುಡ್ಡಿಲ್ಲದೆ ಬೇಕು ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. 2015ರಲ್ಲಿ ಶುರುವಾದ ಈ ತಾಣದಲ್ಲಿ ಕನ್ನಡದ ಕಥೆಗಳನ್ನು ಮೊಬೈಲಿನಲ್ಲೇ ಓದಬಹುದು, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದಲ್ಲಿ 250 ಪದಕ್ಕಿಂತ ಕಡಿಮೆ. ಚಿಕ್ಕವರಿಗೆ ಓದಿ ಹೇಳಲು ಒಂದು, ಎರಡನೇ ಹಂತ ಸಾಕು. ಅಲ್ಲಿನ ಕಥೆಗಳು ಮುಕ್ತ ಪರವಾನಗಿಯವು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. ನನಗೆ ಇದು ದೊಡ್ಡ ಅನುಕೂಲ.

ಇನ್ನು ಓದುವುದು. ಹಿಂದಿನ ದಿನವೇ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ಪುಟ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಗೊತ್ತಾಗುತ್ತದೆ. ಮಕ್ಕಳನ್ನು ಅರ್ಧ ಚಂದ್ರದ ಹಾಗೆ ಕೂರಿಸಿ, ನೀವೂ ಕೆಳಗೆ ಕೂತು, ಪುಸ್ತಕವನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಕಿಟಕಿ ಬೆಳಕು ಪುಟದ ಮೇಲೆ ಬಿದ್ದು ಹೊಳೆದರೆ ಹಿಂದೆ ಕೂತವರಿಗೆ ಏನೂ ಕಾಣದು. ಕಿವಿ ಮಂದ ಇರುವ ಮಗು ಇದ್ದರೆ ನಿಮ್ಮ ಬಾಯಿ ಅದಕ್ಕೆ ಕಾಣುವ ಹಾಗೆ ಕೂರಿ, ಪುಸ್ತಕ ಮುಖಕ್ಕೆ ಅಡ್ಡ ಬರದಿರಲಿ.

"ಇವತ್ತು ನಾನು ಸ್ನೇಹದ ಬಗ್ಗೆ ಒಂದು ಕಥೆ ಹೇಳ್ತೀನಿ" ಅಂತ ಶುರು ಮಾಡಬೇಡಿ. ಕಥೆ ಹೇಳುತ್ತೀನಿ ಅನ್ನಿ, ಸಾಕು.

ಕಥೆಯಲ್ಲಿ ಕಿವಿಗೆ ಮೆಷಿನ್ ಹಾಕಿಕೊಂಡ ಮಗು ಬಂತು, ನಿಮ್ಮ ಮುಂದೆಯೂ ಅಂಥ ಮಗು ಕೂತಿದೆ ಅಂದುಕೊಳ್ಳಿ. ದಯವಿಟ್ಟು ಆ ಮಗುವಿನ ಕಡೆ ನೋಡಬೇಡಿ. "ನಮ್ಮ ಇವಳ ಥರಾನೇ ಅಲ್ವಾ" ಅನ್ನಲೇಬೇಡಿ. ಎಲ್ಲರ ಕಣ್ಣು ಒಮ್ಮೆಗೇ ಆ ಮಗುವಿನ ಮೇಲೆ ಬೀಳುತ್ತದೆ. ಪುಟ ತಿರುಗಿಸುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿರಿ. ಹೇಳಬೇಕು ಅನಿಸಿದರೆ ಮಗುವೇ "ನಂದೂ ಹಿಂಗೇ ಇದೆ" ಅನ್ನುತ್ತದೆ. ಅನಿಸದಿದ್ದರೆ ಅದು ಅದರ ಇಷ್ಟ.

ಚಿತ್ರ ನೋಡಿ ಯಾರಾದರೂ ನಕ್ಕರೆ ಗದರಬೇಡಿ. "ಏನು ನೋಡಿ ನಗು ಬಂತು?" ಅಂತ ಕೇಳಿ, ನಿಜವಾಗಿ ಉತ್ತರ ಬೇಕು ಅನ್ನುವ ದನಿಯಲ್ಲಿ. ಬಹಳ ಸಲ ಆ ನಗುವಿನ ಹಿಂದೆ ಹೆದರಿಕೆ ಇರುತ್ತದೆ. "ಅದು ಅಂಟುತ್ತಾ ಮಿಸ್?" ಅನ್ನುವ ಪ್ರಶ್ನೆ ನನಗೆ ಮತ್ತೆ ಮತ್ತೆ ಬಂದಿದೆ. ಅಂಟಲ್ಲ ಅಂತ ಹೇಳಿ. ಕಾಲಿಗೆ ಬಲ ಕಮ್ಮಿ, ನಿಲ್ಲಲು ಆಸರೆಗೆ ಕ್ಯಾಲಿಪರ್ ಹಾಕಿದ್ದಾರೆ ಅಂತ ಒಂದೇ ಮಾತಿನಲ್ಲಿ ಹೇಳಿ ಕಥೆಗೆ ವಾಪಸ್ ಬನ್ನಿ. "ಪಾಪ" ಅನ್ನುವ ಪದ ಬಾಯಿಗೆ ಬಂದರೆ ನುಂಗಿಕೊಳ್ಳಿ. ಹಳೇ ಕಥೆಗಳಲ್ಲಿ ಕುಂಟ, ಕುರುಡ, ಡುಮ್ಮ ಅಂತ ಇದ್ದರೆ ನಾನು ಆ ಪಾತ್ರಕ್ಕೊಂದು ಹೆಸರಿಟ್ಟು ಓದುತ್ತೇನೆ.

ಓದುವವರು ಕಡಿಮೆ ಮಾತಾಡಿ ಮಗುವನ್ನು ಹೆಚ್ಚು ಮಾತಾಡಿಸಿದರೆ ಮಗುವಿನ ಮಾತು ಚೆನ್ನಾಗಿ ಬೆಳೆಯುತ್ತದೆ ಅಂತ 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮನೆಮನೆಯ ಓದಿನಲ್ಲೇ ತೋರಿಸಿಕೊಟ್ಟರು. "ಇದು ಆನೆ ಅಲ್ವಾ?" ಅಂದರೆ ಮಗು ತಲೆ ಆಡಿಸಿ ಸುಮ್ಮನಾಗುತ್ತದೆ. "ಇಲ್ಲಿ ಏನಾಗ್ತಾ ಇದೆ? ಅವಳ್ಯಾಕೆ ಗೋಡೆ ಹತ್ತಿರ ನಿಂತಿದ್ದಾಳೆ?" ಅಂದರೆ ಬಾಯಿ ಬಿಡುತ್ತದೆ.

ಇದಕ್ಕೆ ಮಾತೇ ಇಲ್ಲದ ಚಿತ್ರಪುಸ್ತಕಕ್ಕಿಂತ ಒಳ್ಳೆಯದು ಇಲ್ಲ. ನಾನಾ ಭಾಷೆಯ ಮಕ್ಕಳಿರುವ ಕಡೆ ನಾನು ಅದರಿಂದಲೇ ಶುರು ಮಾಡುತ್ತೇನೆ. ಅಕ್ಷರ ಇಲ್ಲ, ಆದ್ದರಿಂದ ಯಾರೂ ಹಿಂದೆ ಇಲ್ಲ. ಯಾದಗಿರಿ ಕಡೆಯ ಒಬ್ಬ ಹುಡುಗ ತರಗತಿಯಲ್ಲಿ ಬಾಯಿಯೇ ತೆರೆಯುತ್ತಿರಲಿಲ್ಲ. ತೆರೆದರೆ ಉಳಿದವರು ಅವನ ಮಾತನ್ನು ಅಣಕಿಸುತ್ತಿದ್ದರು. ಒಂದು ಪುಟದಲ್ಲಿ ಹುಡುಗಿಯೊಬ್ಬಳು ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಅವನು ಮುಂದೆ ಬಂದು ಪುಟದ ಮೇಲೆ ಬೆರಳಿಟ್ಟು ಹೇಳಿದ. "ಅಕಿ ಅಳಾಕತ್ತಾಳ್ರೀ ಅಕ್ಕೋರೆ. ಯಾರೂ ಆಟಕ್ಕ ಕರದಿಲ್ರೀ." ಕೋಣೆ ಗಪ್ ಚುಪ್. ಪಕ್ಕದ ಹುಡುಗಿ "ಕರೀತಾರೆ ಬಿಡು, ಮುಂದಿನ ಪುಟದಲ್ಲಿ" ಅಂದಳು. ಅವನು ಪುಟ ತಿರುಗಿಸಿದ. ಆ ಕಥೆಯನ್ನು ಕೊನೆಯವರೆಗೂ ಅವನೇ ಹೇಳಿದ, ಅವನ ಕನ್ನಡದಲ್ಲೇ. ನಾನು ಒಂದು ಪದವನ್ನೂ ತಿದ್ದಲಿಲ್ಲ. ನೀವೂ ತಿದ್ದಬೇಡಿ.

ಊಟದ ಕಥೆ ಓದುವಾಗ ಸ್ವಲ್ಪ ಗಟ್ಟಿ ಮನಸ್ಸು ಬೇಕು. ನಮ್ಮಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಇಬ್ಬರು ಗೆಳತಿಯರು ಬೇರೆ ಬೇರೆ ಬುತ್ತಿ ತರುವ ಕಥೆ ಓದುತ್ತಿದ್ದಾಗ ಒಬ್ಬಳು ಎದ್ದು ನಿಂತು "ಮೊಟ್ಟೆ ತಿನ್ನೋರ ಪಕ್ಕ ಕೂರಬೇಡ ಅಂತ ನಮ್ಮಜ್ಜಿ ಹೇಳವ್ರೆ" ಅಂದಳು. ಇಂಥ ಹೊತ್ತಿನಲ್ಲಿ ಅಜ್ಜಿಯನ್ನು ತಪ್ಪು ಅನ್ನಬೇಡಿ. ಮಗು ಸಂಜೆ ಅದೇ ಅಜ್ಜಿಯ ಮಡಿಲಿಗೆ ಹೋಗಬೇಕು. ಮಾತನ್ನು ಹಾರಿಸಲೂ ಬೇಡಿ, ಮೊಟ್ಟೆ ತಿನ್ನುವ ಮಕ್ಕಳು ಅದನ್ನು ಕೇಳಿಸಿಕೊಂಡಿದ್ದಾರೆ. ನಾನು ಹೇಳಿದ್ದು ಇಷ್ಟು: "ನಿನ್ನ ತಟ್ಟೇಲಿ ಏನಿರಬೇಕು ಅನ್ನೋದು ನಿಮ್ಮನೆಯವರಿಗೆ ಬಿಟ್ಟಿದ್ದು. ಇಲ್ಲಿ ಯಾರ ಪಕ್ಕ ಯಾರು ಬೇಕಾದ್ರೂ ಕೂರಬಹುದು. ಇದು ಶಾಲೆ." ಆಮೇಲೆ ಕಥೆ ಮುಂದುವರಿಸಿದೆ. ಒಂದು ಸಲ ಹೇಳಿದರೆ ಮುಗಿಯುವುದಿಲ್ಲ, ನಿಜ. ಊಟ, ನೀರಿನ ಬಾಟಲಿ, ಯಾರ ಮನೆಗೆ ಯಾರು ಹೋಗಬಹುದು, ಇವುಗಳ ಒಳಗೆ ಜಾತಿ ಇರುತ್ತದೆ. ಏಳು ವರ್ಷದ ಮಕ್ಕಳಿಗೂ ಅದು ಗೊತ್ತಿರುತ್ತದೆ. ನಾನು ನೋಡಿದ ಚಿತ್ರಪುಸ್ತಕಗಳಲ್ಲಿ ಇದನ್ನು ಮುಟ್ಟುವವು ತುಂಬಾ ಕಡಿಮೆ. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬರೆಯಿರಿ. ನಮಗೆ ಬೇಕು.

ಕಥೆ ಮುಗಿದ ಮೇಲೆ "ಇದರ ನೀತಿ ಏನು?" ಅಂತ ಕೇಳಬೇಡಿ. ಮಕ್ಕಳಿಗೆ ನಮಗೆ ಬೇಕಾದ ಉತ್ತರ ಗೊತ್ತು, ಒಕ್ಕೊರಲಿನಿಂದ ಹೇಳಿಬಿಡುತ್ತಾರೆ, ಅಲ್ಲಿಗೆ ಕಥೆ ಸತ್ತುಹೋಗುತ್ತದೆ. ಅದರ ಬದಲು ಅಂಗಳಕ್ಕೆ ಕರೆದುಕೊಂಡು ಹೋಗಿ. "ನಮ್ಮ ಆಟದಲ್ಲಿ ಯಾರು ಆಚೆ ನಿಂತಿದ್ದಾರೆ? ಅವರೂ ಆಡೋ ಹಾಗೆ ಆಟ ಬದಲಾಯಿಸೋಕೆ ಆಗುತ್ತಾ?" ಇಷ್ಟು ಕೇಳಿ ಸುಮ್ಮನಿರಿ. ನನ್ನ ಮಕ್ಕಳು ಕುಂಟೆಬಿಲ್ಲೆಯನ್ನು ಜೋಡಿ ಆಟ ಮಾಡಿದರು. ಒಬ್ಬರು ಬಿಲ್ಲೆ ಎಸೆಯುವುದು, ಇನ್ನೊಬ್ಬರು ಕುಂಟುವುದು. ಕ್ಯಾಲಿಪರ್ ಹುಡುಗಿಯ ಗುರಿ ಬಹಳ ಚುರುಕು ಅಂತ ಗೊತ್ತಾದ ಮೇಲೆ ಅವಳ ಜೋಡಿಯಾಗಲು ಜಗಳ. ಆದರೆ ಗುರಿ ತಪ್ಪುವ ಹುಡುಗನಿಗೂ ಒಬ್ಬ ಜೋಡಿ ಇರಲೇಬೇಕು ಅಂತ ಹೊಸ ನಿಯಮ ಮಾಡಿದೆವು.

ಅದೇ ಪುಸ್ತಕವನ್ನು ಮತ್ತೆ ಓದಿ. ಎರಡನೇ, ಮೂರನೇ ಸಲ ಓದುವಾಗ ಮಕ್ಕಳು ಮೂಲೆಯಲ್ಲಿರುವ ಪಾತ್ರಗಳನ್ನು ಗಮನಿಸಲು ಶುರು ಮಾಡುತ್ತಾರೆ.

ನಿಮ್ಮ ಮಗುವಿನ ಥರದ ಮಗು ಯಾವ ಪುಸ್ತಕದಲ್ಲೂ ಸಿಗಲಿಲ್ಲ ಅಂದರೆ ನೀವೇ ಮಾಡಿ. ನಾಲ್ಕು ಎ4 ಹಾಳೆಯನ್ನು ಒಟ್ಟಿಗೆ ಅರ್ಧಕ್ಕೆ ಮಡಚಿ, ನಡುವೆ ದಾರ ಹೊಲಿಯಿರಿ ಅಥವಾ ಸ್ಟೇಪ್ಲರ್ ಪಿನ್ ಹಾಕಿ. ಹದಿನಾರು ಪುಟ ಆಗುತ್ತದೆ. ಒಂದು ಪುಟಕ್ಕೆ ಒಂದೇ ಚಿತ್ರ, ಒಂದೋ ಎರಡೋ ಮಾತು. ಕಥೆ ಮಕ್ಕಳದ್ದೇ ಆಗಿರಲಿ: ಯಾರು ಯಾರ ಜೊತೆ ಜಗಳ ಆಡಿದರು, ಹೇಗೆ ಸರಿಹೋಯಿತು. ನಿಜವಾದ ಹೆಸರು ಮಾತ್ರ ಹಾಕಬೇಡಿ. ಮೈಬಣ್ಣಕ್ಕೆ ಒಂದೇ ಕ್ರಯಾನ್ ಇಡಬೇಡಿ, ಕಂದು ಬಣ್ಣಗಳಲ್ಲೇ ಮೂರ್ನಾಲ್ಕು ಇಡಿ, ಕೈ ಪಕ್ಕ ಹಿಡಿದು ನೋಡಿ ಆರಿಸಲಿ. ರಟ್ಟಿನ ಮೇಲೆ ಬರೆದವರ, ಬಿಡಿಸಿದವರ ಹೆಸರೆಲ್ಲ ಇರಲಿ. ನಲಿಕಲಿ ಕೋಣೆಯಲ್ಲಿ ಮಕ್ಕಳ ಕೆಲಸ ತೂಗುಹಾಕಲು ಮೇಲೆ ದಾರ ಕಟ್ಟಿರುತ್ತೇವೆ, ಅದೇ ಕಲಿಕಾ ಚಪ್ಪರ. ನಾವು ಪುಸ್ತಕವನ್ನು ಆ ದಾರಕ್ಕೆ ನೇತು ಹಾಕುತ್ತೇವೆ. ಒಂದನೇ ತರಗತಿಯವರ ಕೈಗೂ ಎಟುಕುವಷ್ಟು ಕೆಳಗೆ ಕಟ್ಟಿ.